ಕೊಟ್ಟರೆ ನಷ್ಟವೇನು?



ನಮ್ಮ ಹಿರಿಯರು 'ನಂಜು' ಎಂಬ ಒಂದೇ ಪದದಲ್ಲಿ ಎಷ್ಟೊಂದು ಸಂಗತಿಗಳನ್ನು ಅಡಗಿಸಿಟ್ಟಿದ್ದರು! ಮುಳ್ಳು ಚುಚ್ಚಿದ ಅಂಗಾಲು ಬಾತುಕೊಂಡರೆ ನಂಜು. ಬಾಣಂತಿಗೆ ಜ್ವರವೇರಿದರೆ ನಂಜು. ಹುಣ್ಣು ಮಾಯದೆ ಕೀವು ಕಟ್ಟಿದರೂ ನಂಜು. ಹಾಲಾಹಲವನ್ನು ಕುಡಿದ ಶಿವನನ್ನು ನಂಜುಂಡನೆಂದು ಕರೆದು ಕಪಿಲೆಯ ದಡದಲ್ಲಿ ಪೂಜಿಸುವವರು ನಾವು. ವೈದ್ಯರು ಇಂದು ಸೆಪ್ಸಿಸ್ ಎನ್ನುವ ಸ್ಥಿತಿಗೆ ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ಮಾತು ನನಗೆ ತೋರುವುದಿಲ್ಲ.

ಆದರೆ ಒಂದು ವ್ಯತ್ಯಾಸವುಂಟು. ನಂಜು ಹೊರಗಿನಿಂದ ಬಂದು ಸೇರಿದ ವಿಷವೆಂದು ನಾವು ತಿಳಿದಿದ್ದೇವೆ. 2016ರಲ್ಲಿ ಅಂತರರಾಷ್ಟ್ರೀಯ ತಜ್ಞರು ಸೇರಿ ರೂಪಿಸಿದ ವ್ಯಾಖ್ಯೆಯ ಪ್ರಕಾರ, ಸೋಂಕಿಗೆ ಎದುರಾಗಿ ದೇಹವೇ ತೋರುವ ಪ್ರತಿಕ್ರಿಯೆ ಹತೋಟಿ ತಪ್ಪಿ, ಅದರಿಂದ ಅಂಗಾಂಗಗಳು ಕೆಟ್ಟು ಪ್ರಾಣಕ್ಕೆ ಎರವಾಗುವ ಸ್ಥಿತಿಯೇ ಸೆಪ್ಸಿಸ್. ಕಳ್ಳನನ್ನು ಓಡಿಸಲು ಹಚ್ಚಿದ ಪಂಜು ಮನೆಯ ಸೂರಿಗೇ ತಾಗಿದಂತೆ. ಇದು ಇನ್ನೂ ಮುಂದುವರಿದು, ಸಾಕಷ್ಟು ದ್ರವ ಕೊಟ್ಟ ಮೇಲೂ ರಕ್ತದೊತ್ತಡ ನಿಲ್ಲದೆ, ಅದನ್ನು ಔಷಧದಿಂದ ಎತ್ತಿ ಹಿಡಿಯಬೇಕಾಗಿ ಬಂದು, ರಕ್ತದಲ್ಲಿ ಲ್ಯಾಕ್ಟೇಟ್ ಎಂಬ ವಸ್ತುವೂ ಮಿತಿಮೀರಿದಾಗ ಅದನ್ನು ಸೆಪ್ಟಿಕ್ ಶಾಕ್ ಎನ್ನುತ್ತಾರೆ. ಈ ಹಂತ ಮುಟ್ಟಿದವರಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿ ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಾರೆಂದು ಅದೇ ತಜ್ಞರು ಬರೆದಿದ್ದಾರೆ. 2017ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 4 ಕೋಟಿ 89 ಲಕ್ಷ ಮಂದಿಗೆ ಸೆಪ್ಸಿಸ್ ಆಗಿ, 1 ಕೋಟಿ 10 ಲಕ್ಷ ಮಂದಿ ಸತ್ತರೆಂಬ ಅಂದಾಜು 2020ರಲ್ಲಿ ಪ್ರಕಟವಾಯಿತು. ಅಂದರೆ ಭೂಮಿಯ ಮೇಲಿನ ಐದು ಸಾವುಗಳಲ್ಲಿ ಒಂದು.

ಇಂಥ ಕಾಯಿಲೆಯ ಮುಂದೆ ನಿಂತ ಮನೆಯವರು ಹುಲ್ಲುಕಡ್ಡಿಯನ್ನಾದರೂ ಹಿಡಿದುಕೊಳ್ಳಲು ಯತ್ನಿಸುವುದು ಸಹಜ. ಕೆಲವು ವರ್ಷಗಳಿಂದ ಆ ಹುಲ್ಲುಕಡ್ಡಿಯ ಹೆಸರು ವಿಟಮಿನ್ ಸಿ. ತೀವ್ರ ನಿಗಾ ಘಟಕದ ಹೊರಗೆ ಬೆಂಚಿನ ಮೇಲೆ ಕುಳಿತ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ದೂರವಾಣಿಯಲ್ಲಿ ನನ್ನನ್ನು ಕೇಳಿರುವುದು ಒಂದೇ ಪ್ರಶ್ನೆ: "ಮೇಷ್ಟ್ರೇ, ವಿಟಮಿನ್ ಸಿ ಇಂಜೆಕ್ಷನ್ ಕೊಟ್ಟರೆ ಬದುಕುತ್ತಾರಂತೆ, ಮೊಬೈಲಿನಲ್ಲಿ ಬಂದಿದೆ. ವಿಟಮಿನ್ ತಾನೇ? ಗುಣವಾದರೆ ಆಯಿತು, ಆಗದಿದ್ದರೂ ಕೊಟ್ಟರೆ ನಷ್ಟವೇನು?"

ನಾನು ವೈದ್ಯನಲ್ಲ, ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು. ಆದರೂ ಈ ಪ್ರಶ್ನೆಗೆ ಉತ್ತರ ಹೇಳುವ ಹಕ್ಕು ನನಗುಂಟೆಂದು ಭಾವಿಸಿದ್ದೇನೆ. ಏಕೆಂದರೆ ಇದು ಮೂಲತಃ ಒಂಬತ್ತನೆಯ ತರಗತಿಯ ವಿಜ್ಞಾನದ ಪ್ರಶ್ನೆ. 'ಕೊಟ್ಟರೆ ನಷ್ಟವೇನು' ಎಂಬುದನ್ನು ನಾವು ಉತ್ತರ ಬೇಕಿಲ್ಲದ ಮಾತಿನಂತೆ ಆಡಿಬಿಡುತ್ತೇವೆ. ಅದಕ್ಕೆ ಉತ್ತರವಿದೆ, ಆ ಉತ್ತರವನ್ನು ಹುಡುಕಲು ಜಗತ್ತು ಹಲವು ವರ್ಷ ಶ್ರಮಿಸಿದೆ. ಅದನ್ನು ತಿಳಿಯದೆ ನಮ್ಮವರ ದೇಹದ ಮೇಲೆ ತೀರ್ಮಾನ ಮಾಡಬಾರದು ಎಂಬುದಷ್ಟೇ ನನ್ನ ವಾದ.

ಮೊದಲಿಗೆ, ಈ ಮದ್ದಿನ ಹಿಂದಿರುವ ತರ್ಕವನ್ನು ನೋಡೋಣ. ಅದೇನೂ ಮೂಢನಂಬಿಕೆಯಲ್ಲ. ಕಬ್ಬಿಣ ತುಕ್ಕು ಹಿಡಿಯುವುದೂ, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಉತ್ಕರ್ಷಣ ಎಂದು ನೀವು ಓದಿದ್ದೀರಿ. ನಮ್ಮ ಜೀವಕೋಶಗಳಲ್ಲಿಯೂ ಉಸಿರಾಟದ ಆಮ್ಲಜನಕ ಆಹಾರವನ್ನು ಉರಿಸುವಾಗ ಸೂಪರ್ ಆಕ್ಸೈಡ್, ಹೈಡ್ರೊಜನ್ ಪೆರಾಕ್ಸೈಡ್ ಮೊದಲಾದ ಕಿಡಿಗಳು ಹಾರುತ್ತವೆ. ಆರೋಗ್ಯವಂತ ದೇಹ ಅವನ್ನು ಆಗಿಂದಾಗ ಆರಿಸುತ್ತದೆ. ಹಾಗೆ ಆರಿಸುವ ವಸ್ತುಗಳಿಗೆ ಉತ್ಕರ್ಷಣ ನಿರೋಧಕಗಳು, ಅಂದರೆ ಆಂಟಿಆಕ್ಸಿಡೆಂಟ್, ಎಂದು ಹೆಸರು. ವಿಟಮಿನ್ ಸಿ, ವಿಟಮಿನ್ ಇ, ಸೆಲೆನಿಯಮ್ ಇರುವ ಕಿಣ್ವಗಳು ಈ ಪಂಗಡಕ್ಕೆ ಸೇರಿದವು. ಸೆಪ್ಸಿಸ್ ಆದಾಗ ಕಿಡಿಗಳ ಸಂಖ್ಯೆ ವಿಪರೀತವಾಗುತ್ತದೆ. ರಕ್ತನಾಳಗಳ ಒಳಪದರ ಹಾಳಾಗುತ್ತದೆ. ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯ ಸೊರಗುತ್ತದೆ. ಅದೇ ಹೊತ್ತಿನಲ್ಲಿ ರೋಗಿಯ ರಕ್ತದಲ್ಲಿ ವಿಟಮಿನ್ ಸಿ ಬಹಳವಾಗಿ ಇಳಿದಿರುತ್ತದೆ ಎಂಬುದೂ ಪರೀಕ್ಷೆಯಲ್ಲಿ ಕಂಡ ಸತ್ಯ. ರಕ್ತದೊತ್ತಡವನ್ನು ಕಾಯುವ ನಾರ್‌ಅಡ್ರಿನಲಿನ್ ಎಂಬ ಹಾರ್ಮೋನನ್ನು ದೇಹ ತಯಾರಿಸಿಕೊಳ್ಳಲು ಕೂಡ ವಿಟಮಿನ್ ಸಿ ಬೇಕು. ಹೀಗಿರುವಾಗ ಕಡಿಮೆಯಾದುದನ್ನು ತುಂಬಿಕೊಟ್ಟರೆ ರೋಗಿ ಚೇತರಿಸಿಕೊಳ್ಳಬೇಕಲ್ಲವೇ?

ಚೇತರಿಸಿಕೊಳ್ಳಬೇಕು ಎಂಬುದು ತರ್ಕ. ಚೇತರಿಸಿಕೊಂಡರೇ ಎಂಬುದು ಪ್ರಯೋಗ. ಇವೆರಡರ ನಡುವಿನ ಕಂದಕವನ್ನು ದಾಟಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು.

ವಿಟಮಿನ್ ಸಿ ಆಧಾರಿತ ಚಿಕಿತ್ಸೆ ಜಗತ್ತಿನ ಬಾಯಿಗೆ ಬಿದ್ದದ್ದು 2017ರಲ್ಲಿ. ಅಮೆರಿಕದ ವರ್ಜೀನಿಯ ರಾಜ್ಯದ ನಾರ್ಫೋಕ್ ನಗರದ ವೈದ್ಯ ಪಾಲ್ ಮಾರಿಕ್ ಮತ್ತು ಸಂಗಡಿಗರು ತೀವ್ರ ಸೆಪ್ಸಿಸ್ ಆದ 47 ರೋಗಿಗಳಿಗೆ ರಕ್ತನಾಳದ ಮೂಲಕ ವಿಟಮಿನ್ ಸಿ, ಹೈಡ್ರೊಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಹಾಗೂ ಥಯಮಿನ್, ಅಂದರೆ ವಿಟಮಿನ್ ಬಿ1, ಈ ಮೂರನ್ನೂ ಕೊಟ್ಟರು. ಅದಕ್ಕೂ ಹಿಂದಿನ ಏಳು ತಿಂಗಳಲ್ಲಿ ಅದೇ ಘಟಕದಲ್ಲಿ ಚಿಕಿತ್ಸೆ ಪಡೆದಿದ್ದ 47 ರೋಗಿಗಳ ದಾಖಲೆಯನ್ನು ಪಕ್ಕದಲ್ಲಿಟ್ಟು ಹೋಲಿಸಿದರು. ಹಿಂದಿನ 47ರಲ್ಲಿ 19 ಮಂದಿ ಆಸ್ಪತ್ರೆಯಲ್ಲಿ ಸತ್ತಿದ್ದರು. ಹೊಸ ಚಿಕಿತ್ಸೆಯ 47ರಲ್ಲಿ ಸತ್ತವರು ಕೇವಲ 4. ಶೇಕಡಾ 40ರಿಂದ ಶೇಕಡಾ 8.5ಕ್ಕೆ ಇಳಿದ ಸಾವು! ಇದನ್ನು ಓದಿದ ಯಾರಿಗಾದರೂ ಮೈ ಜುಮ್ಮೆನ್ನದಿರದು. ಹಲವು ದೇಶಗಳ ವೈದ್ಯರು ಮುಂದಿನ ಪರೀಕ್ಷೆಗೆ ಕಾಯದೆ ಇದನ್ನು ಬಳಸತೊಡಗಿದರು.

ಈಗ ನಮ್ಮ ಶಾಲೆಗಳ ಮಾತಿಗೆ ಬರೋಣ. ಒಂದು ಶಾಲೆಗೆ ಹೊಸ ಮುಖ್ಯೋಪಾಧ್ಯಾಯರು ಬಂದು, ಬೆಳಿಗ್ಗೆ ಪ್ರಾರ್ಥನೆಯ ಬಳಿಕ ಹತ್ತು ನಿಮಿಷ ಮಗ್ಗಿ ಹೇಳಿಸುವ ಪದ್ಧತಿಯನ್ನು ಜಾರಿಗೆ ತಂದರೆನ್ನಿ. ಆ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷಕ್ಕಿಂತ ಬಹಳ ಮೇಲೇರಿತು. ಮಗ್ಗಿಯ ಮಹಿಮೆ ಎಂದು ಅವರು ಹೇಳಿಕೊಂಡರೆ ನೀವು ಒಪ್ಪುವಿರಾ? ಈ ವರ್ಷದ ಮಕ್ಕಳೇ ಚುರುಕಾಗಿದ್ದಿರಬಹುದು. ಪ್ರಶ್ನೆಪತ್ರಿಕೆ ಸುಲಭವಿದ್ದಿರಬಹುದು. ಖಾಲಿಯಿದ್ದ ಗಣಿತ ಶಿಕ್ಷಕರ ಹುದ್ದೆ ಭರ್ತಿಯಾಗಿದ್ದಿರಬಹುದು. ಹೊಸ ಮುಖ್ಯೋಪಾಧ್ಯಾಯರ ಉತ್ಸಾಹದಿಂದ ಎಲ್ಲರೂ ಒಂದಿಷ್ಟು ಹೆಚ್ಚು ದುಡಿದಿರಬಹುದು. ನಿನ್ನೆಯ ತರಗತಿಯನ್ನು ಇಂದಿನ ತರಗತಿಯೊಡನೆ ಹೋಲಿಸಿದರೆ ಇವೆಲ್ಲವೂ ಮಗ್ಗಿಯ ಖಾತೆಗೇ ಜಮೆಯಾಗುತ್ತವೆ. ನಾರ್ಫೋಕ್‌ನ ಹೋಲಿಕೆಯೂ ಇದೇ ಜಾತಿಯದು. ಅದು ಪರೀಕ್ಷಿಸಬೇಕಾದ ಒಂದು ಆಸೆಯನ್ನು ಮುಂದಿಟ್ಟಿತೇ ಹೊರತು ಆಸೆಯನ್ನು ಸಾಬೀತು ಮಾಡಲಿಲ್ಲ.

ತುಕ್ಕಿನ ಪಾಠದಲ್ಲಿ ಮೂರು ಪ್ರನಾಳಗಳನ್ನು ಇಡುತ್ತಿದ್ದೆವು, ನಿಮಗೆ ನೆನಪಿರಬಹುದು. ಒಂದರಲ್ಲಿ ಮೊಳೆ, ನೀರು, ಗಾಳಿ. ಇನ್ನೊಂದರಲ್ಲಿ ಕುದಿಸಿ ಆರಿಸಿದ ನೀರು, ಮೇಲೆ ಎಣ್ಣೆಯ ಪದರ. ಮತ್ತೊಂದರಲ್ಲಿ ತೇವವನ್ನು ಹೀರುವ ಕ್ಯಾಲ್ಸಿಯಮ್ ಕ್ಲೋರೈಡ್. ಕೆಲವು ದಿನಗಳ ಬಳಿಕ ಮೊದಲನೆಯ ಪ್ರನಾಳದ ಮೊಳೆ ಮಾತ್ರ ತುಕ್ಕು ಹಿಡಿದಿರುತ್ತಿತ್ತು. ಆ ಒಂದನ್ನೇ ಇಟ್ಟಿದ್ದರೆ ಏನು ಗೊತ್ತಾಗುತ್ತಿತ್ತು? ಮೊಳೆ ತುಕ್ಕು ಹಿಡಿಯಿತು ಎಂಬುದಷ್ಟೇ. ಏತರಿಂದ ಎಂಬುದನ್ನು ಹೇಳಿದ್ದು ಪಕ್ಕದ ಎರಡು ಪ್ರನಾಳಗಳು. ಹೋಲಿಸಲು ಪಕ್ಕದಲ್ಲಿ ಇನ್ನೊಂದಿಲ್ಲದ ಪ್ರಯೋಗ ಅರ್ಧ ಪ್ರಯೋಗ.

ವಿಚಿತ್ರವೆಂದರೆ, ವಿಟಮಿನ್ ಸಿ ಕೀರ್ತಿ ಪಡೆದದ್ದೇ ಇಂಥ ಹೋಲಿಕೆಯಿಂದ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಸ್ಕರ್ವಿಯಿಂದ ನರಳುತ್ತಿದ್ದ 12 ನಾವಿಕರನ್ನು ಆರಿಸಿಕೊಂಡ. ಎಲ್ಲರಿಗೂ ಒಂದೇ ಬಗೆಯ ಊಟ. ಆದರೆ ಇಬ್ಬಿಬ್ಬರಿಗೆ ಒಂದೊಂದು ಮದ್ದು. ಒಂದು ಜೋಡಿಗೆ ಸೇಬಿನ ಮದ್ಯ, ಒಂದಕ್ಕೆ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಒಂದಕ್ಕೆ ತೆಳು ಗಂಧಕಾಮ್ಲ, ಹೀಗೆ. ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಆರೇ ದಿನಗಳಲ್ಲಿ ಎದ್ದು ಓಡಾಡತೊಡಗಿದರು. ಉಳಿದ ಮದ್ದುಗಳಿಗೂ ಆ ಕಾಲದಲ್ಲಿ ಒಂದೊಂದು ತರ್ಕವಿತ್ತು, ಒಬ್ಬೊಬ್ಬ ಪಂಡಿತರ ಬೆಂಬಲವಿತ್ತು. ಅವನ್ನೆಲ್ಲ ಸೋಲಿಸಿದ್ದು ನಿಂಬೆಹಣ್ಣಿನ ಪರವಾಗಿ ಮಾಡಿದ ಭಾಷಣವಲ್ಲ, ಅಕ್ಕಪಕ್ಕದಲ್ಲಿ ಮಲಗಿದ್ದ ಹನ್ನೆರಡು ಮಂದಿ. ಹೀಗೆ ಹೋಲಿಕೆಯಿಂದ ಗೆದ್ದ ವಸ್ತುವಿಗೆ ಹೋಲಿಕೆಯಿಂದ ವಿನಾಯಿತಿ ಕೇಳುವುದು ನ್ಯಾಯವಲ್ಲ.

ಹಾಗೆ ವಿನಾಯಿತಿ ಕೇಳಿದವರಲ್ಲಿ ಮಹಾಮೇಧಾವಿಗಳೂ ಇದ್ದರು. ರಸಾಯನ ವಿಜ್ಞಾನಕ್ಕೊಮ್ಮೆ, ಶಾಂತಿಗೊಮ್ಮೆ ನೊಬೆಲ್ ಪ್ರಶಸ್ತಿ ಪಡೆದ ಲೈನಸ್ ಪಾಲಿಂಗ್, ಸ್ಕಾಟ್ಲೆಂಡಿನ ವೈದ್ಯ ಇವಾನ್ ಕ್ಯಾಮೆರಾನ್ ಜೊತೆಗೂಡಿ 1976ರಲ್ಲಿ ಒಂದು ಲೇಖನ ಪ್ರಕಟಿಸಿದರು. ವಿಟಮಿನ್ ಸಿ ಪಡೆದ 100 ಕ್ಯಾನ್ಸರ್ ರೋಗಿಗಳನ್ನು ಹಳೆಯ ದಾಖಲೆಗಳಿಂದ ತೆಗೆದ 1,000 ರೋಗಿಗಳೊಡನೆ ಹೋಲಿಸಿ, ವಿಟಮಿನ್ ಪಡೆದವರು ಹೆಚ್ಚು ಕಾಲ ಬದುಕಿದರೆಂದು ಅವರು ಹೇಳಿದರು. ಅಮೆರಿಕದ ಮೇಯೊ ಕ್ಲಿನಿಕ್ 1979ರಲ್ಲಿ ಮತ್ತು 1985ರಲ್ಲಿ ರೋಗಿಗಳಿಗೆ ಬಾಯಿಯ ಮೂಲಕ ದಿನಕ್ಕೆ 10 ಗ್ರಾಂ ವಿಟಮಿನ್ ಸಿ ಕೊಟ್ಟು, ಹುಸಿ ಮದ್ದಿನೊಡನೆ ಹೋಲಿಸಿ ಪರೀಕ್ಷಿಸಿದಾಗ ಯಾವ ಪ್ರಯೋಜನವೂ ಕಾಣಲಿಲ್ಲ. ಎರಡು ನೊಬೆಲ್‌ಗಳ ತೂಕವೂ ಒಂದು ಸರಿಯಾದ ಹೋಲಿಕೆಯ ಸ್ಥಾನವನ್ನು ತುಂಬಲಾರದು.

ಸೆಪ್ಸಿಸ್ ವಿಷಯದಲ್ಲಿ ಜಗತ್ತು ಈ ಪಾಠವನ್ನು ಮರೆಯಲಿಲ್ಲ ಎಂಬುದು ಸಮಾಧಾನದ ಸಂಗತಿ. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪಾಗಿ ವಿಂಗಡಿಸಿ ಪರೀಕ್ಷಿಸುವ ಕ್ರಮವುಂಟಲ್ಲ, ಅದರ ಗುಣವೇನೆಂದರೆ ವಯಸ್ಸು, ಕಾಯಿಲೆಯ ತೀವ್ರತೆ, ಅದೃಷ್ಟ ಎಲ್ಲವೂ ಎರಡೂ ಕಡೆ ಹೆಚ್ಚು ಕಡಿಮೆ ಸಮನಾಗಿ ಹಂಚಿಕೆಯಾಗುತ್ತವೆ. ಉಳಿಯುವ ವ್ಯತ್ಯಾಸ ಮದ್ದೊಂದೇ.

2019ರಲ್ಲಿ ಅಮೆರಿಕದ ಏಳು ಕೇಂದ್ರಗಳಲ್ಲಿ 167 ರೋಗಿಗಳ ಮೇಲೆ ನಡೆದ ಸಿಟ್ರಿಸ್ ಪರೀಕ್ಷೆಯ ಫಲಿತಾಂಶ ಬಂತು. ಅಂಗಾಂಗಗಳ ಸ್ಥಿತಿ ಸುಧಾರಿಸುವುದೇ, ಉರಿಯೂತ ಇಳಿಯುವುದೇ ಎಂದು ನೋಡುವುದು ಅದರ ಮುಖ್ಯ ಉದ್ದೇಶ. ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ 28 ದಿನಗಳೊಳಗಿನ ಸಾವು ವಿಟಮಿನ್ ಗುಂಪಿನಲ್ಲಿ ಶೇ. 29.8, ಹುಸಿ ಮದ್ದಿನ ಗುಂಪಿನಲ್ಲಿ ಶೇ. 46.3 ಇತ್ತು. ವಿಟಮಿನ್ ಪರ ವಾದಿಸುವವರು ಇಂದಿಗೂ ಎತ್ತಿ ತೋರಿಸುವುದು ಈ ಅಂಕಿಗಳನ್ನೇ. ಅವನ್ನು ಮರೆಮಾಚುವುದು ನನಗೂ ಇಷ್ಟವಿಲ್ಲ. ಆದರೆ ಸಾವಿನ ಲೆಕ್ಕ ಆ ಪರೀಕ್ಷೆಯ 46 ಉಪ-ಅಳತೆಗಳಲ್ಲಿ ಒಂದು. ನಲವತ್ತಾರು ಸಲ ಕವಡೆ ಎಸೆದರೆ ಎರಡು ಮೂರು ಸಲ ಬೇಕಾದ ಗರ ಬಿದ್ದೇ ಬೀಳುತ್ತದೆ. ಅದು ಕೈಚಳಕವೋ ಆಕಸ್ಮಿಕವೋ ಎಂದು ತಿಳಿಯಬೇಕಾದರೆ, ಅದೊಂದನ್ನೇ ಗುರಿಯಾಗಿಟ್ಟು ಮತ್ತೆ ಎಸೆಯಬೇಕು.

ಎಸೆದರು. 2020ರ ಜನವರಿಯಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್ ಮತ್ತು ಬ್ರೆಜಿಲ್‌ಗಳ ಸೆಪ್ಟಿಕ್ ಶಾಕ್ ರೋಗಿಗಳ ಪರೀಕ್ಷೆ ಪ್ರಕಟವಾಯಿತು. ಎರಡೂ ಗುಂಪಿಗೆ ಹೈಡ್ರೊಕಾರ್ಟಿಸೋನ್. ಒಂದಕ್ಕೆ ಮಾತ್ರ ವಿಟಮಿನ್ ಸಿ ಮತ್ತು ಥಯಮಿನ್. ಏಳು ದಿನಗಳಲ್ಲಿ ರಕ್ತದೊತ್ತಡದ ಔಷಧದ ಆಸರೆಯಿಲ್ಲದೆ ಬದುಕಿದ್ದ ಸಮಯ ವಿಟಮಿನ್ ಗುಂಪಿನಲ್ಲಿ 122.1 ಗಂಟೆ, ಇನ್ನೊಂದರಲ್ಲಿ 124.6 ಗಂಟೆ. 2021ರಲ್ಲಿ ಅಮೆರಿಕದ 501 ರೋಗಿಗಳ ಪರೀಕ್ಷೆ ಬಂತು. ಅಲ್ಲಿಯೂ ಪ್ರಯೋಜನ ಕಾಣಲಿಲ್ಲ. ನಾರ್ಫೋಕ್‌ನಲ್ಲಿ ಕಂಡ ಪವಾಡ ಬೇರೆಲ್ಲಿಯೂ ಮರುಕಳಿಸಲಿಲ್ಲ.

ಕಡೆಗೆ 2022ರಲ್ಲಿ 'ಲೋವಿಟ್' ಎಂಬ ದೊಡ್ಡ ಪರೀಕ್ಷೆಯ ಫಲಿತಾಂಶ ಹೊರಬಂತು. ಕೆನಡಾ, ಫ್ರಾನ್ಸ್, ನ್ಯೂಜಿಲೆಂಡ್‌ಗಳ ತೀವ್ರ ನಿಗಾ ಘಟಕಗಳಲ್ಲಿದ್ದ 872 ರೋಗಿಗಳು. ಸೋಂಕಿನಿಂದಾಗಿ ರಕ್ತದೊತ್ತಡದ ಔಷಧದ ಮೇಲೆಯೇ ಇದ್ದವರು. ಅರ್ಧ ಜನಕ್ಕೆ ಆರು ಗಂಟೆಗೊಮ್ಮೆ, ದೇಹದ ತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂನಂತೆ, ನಾಲ್ಕು ದಿನಗಳವರೆಗೆ ವಿಟಮಿನ್ ಸಿ. ಉಳಿದವರಿಗೆ ಹುಸಿ ಮದ್ದು. ಇಪ್ಪತ್ತೆಂಟನೆಯ ದಿನಕ್ಕೆ ಸತ್ತವರನ್ನೂ, ಇನ್ನೂ ವೆಂಟಿಲೇಟರ್, ಡಯಾಲಿಸಿಸ್ ಅಥವಾ ರಕ್ತದೊತ್ತಡದ ಔಷಧವನ್ನು ಬಿಡಲಾಗದೆ ಉಳಿದವರನ್ನೂ ಕೂಡಿಸಿ ಎಣಿಸಿದರು. ಹುಸಿ ಮದ್ದಿನ ಗುಂಪಿನಲ್ಲಿ ಶೇ. 38.5, ವಿಟಮಿನ್ ಗುಂಪಿನಲ್ಲಿ ಶೇ. 44.5.

ಮತ್ತೊಮ್ಮೆ ಓದಿ. ವಿಟಮಿನ್ ಪಡೆದವರಲ್ಲಿ ಕೇಡು ಹೆಚ್ಚು. ನೂರು ಮಂದಿಗೆ ಆರು ಮಂದಿ ಹೆಚ್ಚು. ಸಾವನ್ನಷ್ಟೇ ಪ್ರತ್ಯೇಕವಾಗಿ ಎಣಿಸಿದರೆ ಶೇ. 35.4 ಮತ್ತು ಶೇ. 31.6, ಈ ಎರಡರ ಅಂತರ ಆಕಸ್ಮಿಕವೂ ಆಗಿರಬಹುದು. ಆದರೆ ಮೊದಲೇ ನಿಶ್ಚಯಿಸಿಕೊಂಡ ಮುಖ್ಯ ಅಳತೆಯಲ್ಲಿ ಕಂಡ ಅಂತರ ಆಕಸ್ಮಿಕವಾಗಿರುವ ಸಂಭವ ಬಹಳ ಕಡಿಮೆ. 'ಕೊಟ್ಟರೆ ನಷ್ಟವೇನು' ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಇನ್ನೇನು ಬೇಕು?

ಇದು ವಿಟಮಿನ್ ಸಿ ಒಂದರದೇ ಕಥೆಯಲ್ಲ. 2013ರಲ್ಲಿ 1,223 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಸೆಲೆನಿಯಮ್, ಸತು, ಬೀಟಾ ಕೆರೋಟಿನ್, ವಿಟಮಿನ್ ಇ ಮತ್ತು ಸಿಗಳ ಮಿಶ್ರಣವನ್ನು ಕೊಟ್ಟು ನೋಡಿದರು, ಪ್ರಯೋಜನವಾಗಲಿಲ್ಲ. ಅದೇ ಪರೀಕ್ಷೆಯಲ್ಲಿ ಇನ್ನು ಕೆಲವರಿಗೆ ಕೊಟ್ಟ ಗ್ಲುಟಮಿನ್ ಎಂಬ ಅಮೈನೊ ಆಮ್ಲದಿಂದ ಸಾವು ಹೆಚ್ಚಾಯಿತು. ಗ್ಲುಟಮಿನ್ ಕೂಡ ರೋಗಿಯ ದೇಹದಲ್ಲಿ ಕಡಿಮೆಯಾಗುತ್ತದೆ, ತುಂಬಿದರೆ ಒಳ್ಳೆಯದು ಎಂದೇ ಎಲ್ಲರೂ ನಂಬಿದ್ದರು. 2016ರಲ್ಲಿ ಜರ್ಮನಿಯ ಸಾವಿರಕ್ಕೂ ಹೆಚ್ಚು ಸೆಪ್ಸಿಸ್ ರೋಗಿಗಳಿಗೆ ಸೆಲೆನಿಯಮ್ ಕೊಟ್ಟ ಪರೀಕ್ಷೆಯಲ್ಲಿಯೂ ಸಾವಿನ ಪ್ರಮಾಣ ತಗ್ಗಲಿಲ್ಲ. ಆಸ್ಪತ್ರೆಯ ಹೊರಗೂ ಇಂಥದೇ ಅನುಭವ ಆಗಿದೆ. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬೀಟಾ ಕೆರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಾಯಿತು.

ಏಕೆ ಹೀಗೆ? ಲೋವಿಟ್ ಪರೀಕ್ಷೆಯಲ್ಲಿ ಕಂಡ ಕೇಡಿಗೆ ಖಚಿತ ಕಾರಣವನ್ನು ಅದನ್ನು ನಡೆಸಿದವರೂ ಗುರುತಿಸಲಾಗಲಿಲ್ಲ. ಆದರೆ 'ಕಿಡಿಯೆಲ್ಲ ಕೆಟ್ಟದ್ದು, ಆರಿಸುವುದೆಲ್ಲ ಒಳ್ಳೆಯದು' ಎಂಬ ಎಣಿಕೆಯೇ ತೀರ ಸರಳವಾದದ್ದೆಂದು ರಸಾಯನ ವಿಜ್ಞಾನ ಹೇಳುತ್ತದೆ. ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗಿ ಸುಡುವುದು ಇದೇ ಕಿಡಿಗಳಿಂದ. ಹುಟ್ಟಿನಿಂದಲೇ ಈ ಕಿಡಿ ಹೊತ್ತಿಸುವ ಕಿಣ್ವ ಕೆಟ್ಟಿರುವ ಮಕ್ಕಳಿಗೆ ಮೇಲಿಂದ ಮೇಲೆ ಭೀಕರ ಸೋಂಕುಗಳು ತಗಲುತ್ತವೆ. ಮನೆಗೆ ಬೆಂಕಿ ಬೀಳಬಾರದೆಂದು ಒಲೆಯನ್ನೂ ಆರಿಸಿ ಕುಳಿತರೆ ಅಡುಗೆಯಾಗುವುದು ಹೇಗೆ? ಇನ್ನೊಂದು ಸಂಗತಿ: ವಿಟಮಿನ್ ಸಿ ಯಾವಾಗಲೂ ಬೆಂಕಿ ಆರಿಸುವ ನೀರಲ್ಲ. ಬಿಡಿಯಾದ ಕಬ್ಬಿಣದ ಅಯಾನುಗಳು ಸುತ್ತ ಇದ್ದರೆ, ಅದು ಅವನ್ನು ಅಪಕರ್ಷಿಸಿ, ಹೈಡ್ರೊಜನ್ ಪೆರಾಕ್ಸೈಡಿನಿಂದ ಇನ್ನೂ ಉಗ್ರವಾದ ಕಿಡಿಗಳು ಹುಟ್ಟಲು ನೆರವಾಗಬಲ್ಲದು. ಅದೇ ವಸ್ತು, ಅದೇ ಗುಣ. ಸಂದರ್ಭ ಬೇರೆ, ಪರಿಣಾಮ ಬೇರೆ.

'ವಿಟಮಿನ್ ತಾನೇ' ಎಂಬ ಮಾತಿಗೂ ಒಂದು ಲೆಕ್ಕ ಹೇಳಬೇಕು. ನಮ್ಮ ದೇಶದ ಪೋಷಣ ಸಂಸ್ಥೆ 2020ರಲ್ಲಿ ವಯಸ್ಕ ಪುರುಷನಿಗೆ ಶಿಫಾರಸು ಮಾಡಿರುವ ವಿಟಮಿನ್ ಸಿ ಪ್ರಮಾಣ ದಿನಕ್ಕೆ 80 ಮಿಲಿಗ್ರಾಂ. ಲೋವಿಟ್ ಪರೀಕ್ಷೆಯ ಪ್ರಮಾಣದಲ್ಲಿ 60 ಕಿಲೋ ತೂಕದ ವ್ಯಕ್ತಿಗೆ ಒಂದು ಸಲಕ್ಕೆ 3 ಗ್ರಾಂ, ದಿನಕ್ಕೆ ನಾಲ್ಕು ಸಲ, ಅಂದರೆ 12 ಗ್ರಾಂ: ಶಿಫಾರಸಿನ 150 ಪಟ್ಟು. ನೆಲ್ಲಿಕಾಯಿ, ಸೀಬೆಹಣ್ಣು ಎಷ್ಟು ತಿಂದರೂ ನಮ್ಮ ಕರುಳು ಒಂದು ಮಿತಿಗಿಂತ ಹೆಚ್ಚು ವಿಟಮಿನ್ ಸಿ ಹೀರಿಕೊಳ್ಳುವುದಿಲ್ಲ. ನೇರವಾಗಿ ರಕ್ತನಾಳಕ್ಕೆ ಕೊಟ್ಟಾಗ ಆ ಕಾವಲುಗಾರನನ್ನು ದಾಟಿ ಒಳನುಗ್ಗಿದಂತಾಗುತ್ತದೆ. ಅಷ್ಟು ಪ್ರಮಾಣದಲ್ಲಿ ಅದು ಆಹಾರವಲ್ಲ, ಔಷಧ. ಔಷಧವೆಂದ ಮೇಲೆ ಅದಕ್ಕೆ ದುಷ್ಪರಿಣಾಮವೂ ಉಂಟು. ಅದು ದೇಹದಲ್ಲಿ ಆಕ್ಸಲೇಟ್ ಆಗಿ ಮಾರ್ಪಟ್ಟು ಕೆಲವರ ಮೂತ್ರಪಿಂಡಗಳಲ್ಲಿ ಹರಳುಗಟ್ಟಿದ ಪ್ರಕರಣಗಳು ವರದಿಯಾಗಿವೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಕೆಂಪು ರಕ್ತಕಣಗಳು ಒಡೆಯಬಹುದು. ಬೆರಳು ಚುಚ್ಚಿ ಸಕ್ಕರೆ ನೋಡುವ ಕೆಲವು ಯಂತ್ರಗಳು ಈ ವಿಟಮಿನ್ನನ್ನೇ ಸಕ್ಕರೆಯೆಂದು ಭ್ರಮಿಸಿ ಹೆಚ್ಚಿನ ಅಂಕಿ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ರೋಗಿಯ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ನನ್ನ ಮಾತನ್ನು ತಪ್ಪಾಗಿ ತಿಳಿಯಬೇಡಿ. ನೆಲ್ಲಿಕಾಯಿಯ ಮೇಲೆ ನನಗೆ ಹಗೆಯಿಲ್ಲ. ನಿಂಬೆಯ ಪಾನಕವನ್ನು ಯಾರೂ ಬಿಡಬೇಕಾಗಿಲ್ಲ. ವಿಟಮಿನ್ ಸಿ ನಿಜವಾಗಿ ಕೊರತೆಯಾಗಿ ಸ್ಕರ್ವಿ ಬಂದವರಿಗೆ ಅದೇ ಸಂಜೀವಿನಿ. ನಾನು ಹೇಳುತ್ತಿರುವುದು ಸೆಪ್ಟಿಕ್ ಶಾಕ್ ಆಗಿ ಮಲಗಿದವರಿಗೆ ಅಧಿಕ ಪ್ರಮಾಣದಲ್ಲಿ ಕೊಡುವ ಚುಚ್ಚುಮದ್ದಿನ ಕುರಿತು ಮಾತ್ರ.

ಇನ್ನೊಂದು ಆಕ್ಷೇಪವನ್ನೂ ಕೇಳಿದ್ದೇನೆ: 'ಇದು ಅಗ್ಗದ ಮದ್ದು, ಕಂಪನಿಗಳಿಗೆ ಲಾಭವಿಲ್ಲ, ಆದ್ದರಿಂದಲೇ ತುಳಿದುಹಾಕಿದರು' ಎಂದು. ಔಷಧ ಕಂಪನಿಗಳನ್ನು ಸಂಶಯದಿಂದ ನೋಡುವುದು ತಪ್ಪಲ್ಲ. ಆದರೆ ಇಲ್ಲಿ ಆ ವಾದ ನಿಲ್ಲುವುದಿಲ್ಲ. ಲೋವಿಟ್ ಪರೀಕ್ಷೆ ನಡೆದದ್ದು ಕೆನಡಾದ ಒಂದು ದತ್ತಿ ಪ್ರತಿಷ್ಠಾನದ ಹಣದಿಂದ. ಈ ಮದ್ದನ್ನು ತುಳಿಯುವ ಉದ್ದೇಶ ಯಾರಿಗಾದರೂ ಇದ್ದಿದ್ದರೆ, ಇಷ್ಟು ದೇಶಗಳಲ್ಲಿ ಇಷ್ಟು ಸಲ ಪರೀಕ್ಷಿಸುವ ಗೋಜಿಗೇ ಅವರು ಹೋಗುತ್ತಿರಲಿಲ್ಲ. ವಿಟಮಿನ್ ಸಿಗೆ ಸಿಕ್ಕಿದ್ದು ಪೂರ್ಣ ವಿಚಾರಣೆ. ಕೋವಿಡ್ ಕಾಲದಲ್ಲಿ ನಮ್ಮ ಮನೆಮನೆಗಳಲ್ಲಿ ಈ ವಿಟಮಿನ್ನಿನ ಮಾತ್ರೆಗಳು ತುಂಬಿಕೊಂಡಿದ್ದವಷ್ಟೇ? ಕೋವಿಡ್‌ನಿಂದ ಆಸ್ಪತ್ರೆ ಸೇರಿದ ಎರಡೂವರೆ ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ಇದನ್ನು ರಕ್ತನಾಳದ ಮೂಲಕ ಕೊಟ್ಟು, ಕೊಡದೆ ಪರೀಕ್ಷಿಸಿದ ಫಲಿತಾಂಶ 2023ರಲ್ಲಿ ಬಂತು. ಅಲ್ಲಿಯೂ ಪ್ರಯೋಜನ ದೊರೆಯಲಿಲ್ಲ.

ಹಾಗಾದರೆ ಸೆಪ್ಟಿಕ್ ಶಾಕ್ ಮುಂದೆ ನಾವು ಕೈಕಟ್ಟಿ ಕೂರಬೇಕೇ? ಖಂಡಿತ ಇಲ್ಲ. ಜೀವ ಉಳಿಸುವ ಕೆಲಸಗಳು ಇವೆ. ಅವುಗಳಲ್ಲಿ ಪವಾಡದ ಹೊಳಪಿಲ್ಲ ಅಷ್ಟೇ. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯು, ಸೆಪ್ಟಿಕ್ ಶಾಕ್ ಎಂದು ಶಂಕೆ ಬಂದರೆ ಆಂಟಿಬಯಾಟಿಕ್ ಔಷಧವನ್ನು ಕೂಡಲೇ, ಸಾಧ್ಯವಾದರೆ ಒಂದು ಗಂಟೆಯೊಳಗೆ ಕೊಡಬೇಕೆನ್ನುತ್ತದೆ. ಸೋಂಕಿನ ಮೂಲವನ್ನು ಹುಡುಕಿ ತೆಗೆಯಬೇಕು: ಕೀವಿದ್ದರೆ ಹೊರಬಿಡಬೇಕು, ಮೂತ್ರದ ದಾರಿ ಕಟ್ಟಿದ್ದರೆ ತೆರೆಯಬೇಕು. ರಕ್ತನಾಳಕ್ಕೆ ದ್ರವ, ರಕ್ತದೊತ್ತಡಕ್ಕೆ ನಾರ್‌ಅಡ್ರಿನಲಿನ್, ಅದು ಸಾಲದಾದಾಗ ಹೈಡ್ರೊಕಾರ್ಟಿಸೋನ್. ಅದೇ ಮಾರ್ಗಸೂಚಿ, ಲೋವಿಟ್ ಫಲಿತಾಂಶ ಬರುವುದಕ್ಕೆ ಮೊದಲೇ, ರಕ್ತನಾಳದ ಮೂಲಕ ವಿಟಮಿನ್ ಸಿ ಬೇಡವೆಂದು ಸಲಹೆ ಮಾಡಿತ್ತು.

ಇವೆಲ್ಲ ವೈದ್ಯರ ಕೆಲಸ. ನಮ್ಮ ಕೆಲಸ ಅದಕ್ಕಿಂತ ಮುಂಚಿನದು, ಹೊತ್ತು ಮೀರದಂತೆ ಅವರ ಬಳಿ ತಲುಪಿಸುವುದು. ಜ್ವರ ಅಥವಾ ಸೋಂಕು ಇರುವವರಿಗೆ ಏದುಸಿರು ಹತ್ತಿದರೆ, ಮಾತು ತೊದಲಿ ಗೊಂದಲವಾದರೆ, ಮೂತ್ರ ಬಹಳ ಕಡಿಮೆಯಾದರೆ, ಕೈಕಾಲು ತಣ್ಣಗಾಗಿ ಚರ್ಮ ಮಚ್ಚೆಮಚ್ಚೆಯಾದರೆ 'ಬೆಳಗಾಗಲಿ ನೋಡೋಣ' ಎನ್ನಬೇಡಿ. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆಯೂ ಹೀಗಾಗಬಹುದು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣನ್ನು, ಬಾಣಂತಿಯ ಜ್ವರವನ್ನು ಹಗುರವಾಗಿ ಎಣಿಸಬೇಡಿ. ಅಂಗಡಿಯಿಂದ ತಾವೇ ಆಂಟಿಬಯಾಟಿಕ್ ತಂದು ಎರಡು ದಿನ ನುಂಗಿ ನಿಲ್ಲಿಸುವ ಅಭ್ಯಾಸವನ್ನು ಬಿಡಿ. ಹಾಗೆ ಬೇಕಾಬಿಟ್ಟಿ ಬಳಸಿ ರೋಗಾಣುಗಳನ್ನು ಪಳಗಿಸಿದರೆ, ನಿಜವಾಗಿ ಬೇಕಾದ ದಿನ ಆ ಮದ್ದು ಕೆಲಸ ಮಾಡದೆ ಹೋಗಬಹುದು.

ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತಾಗ ಯಾರಾದರೂ ಹೊಸ ಮದ್ದನ್ನು ಸೂಚಿಸಿದರೆ ಮೂರು ಪ್ರಶ್ನೆಗಳನ್ನು ಕೇಳಿ. ಇದನ್ನು ಕೊಟ್ಟವರನ್ನು, ಅದೇ ಕಾಲದಲ್ಲಿ ಕೊಡದವರೊಡನೆ ಹೋಲಿಸಿ ನೋಡಿದ್ದಾರೆಯೇ? ಎಷ್ಟು ಜನರಲ್ಲಿ? ಹೋಲಿಸಿದಾಗ ಬದುಕಿದವರು ಹೆಚ್ಚಾದರೇ, ಅಥವಾ ರಕ್ತಪರೀಕ್ಷೆಯ ಅಂಕಿ ಮಾತ್ರ ಸುಧಾರಿಸಿತೇ? ಒಳ್ಳೆಯ ವೈದ್ಯರು ಇಂಥ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಉತ್ತರ ಕೇಳಿ, ಬಳಿಕ ಅವರ ಅನುಭವಕ್ಕೆ ಗೌರವ ಕೊಟ್ಟು ಒಟ್ಟಿಗೆ ತೀರ್ಮಾನಿಸಿ.

ಇನ್ನೊಂದು ಮಾತು, ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮನೆಯವರನ್ನು ಕಳೆದುಕೊಂಡವರನ್ನು ವರ್ಷಗಟ್ಟಲೆ ಕಾಡುವ ಕೊರಗು ಒಂದೇ: 'ಎಲ್ಲವನ್ನೂ ಮಾಡಿದೆವೇ? ಅದೊಂದನ್ನು ಕೊಡಿಸಿದ್ದರೆ ಉಳಿಯುತ್ತಿದ್ದರೇನೋ.' ವಿಟಮಿನ್ ಸಿ ಕೊಡಿಸಲಿಲ್ಲವೆಂದು ಕೊರಗುತ್ತಿರುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ಕೇಳಿ: ಅದನ್ನು ಕೊಡಿಸದೆ ನೀವು ಅವರಿಗೆ ಏನನ್ನೂ ತಪ್ಪಿಸಲಿಲ್ಲ. ಕೊಡಿಸಿದವರೂ ನೋಯಬೇಕಾಗಿಲ್ಲ, ಅಂದು ಗೊತ್ತಿದ್ದಷ್ಟರಲ್ಲಿ ಪ್ರೀತಿಯಿಂದ ಮಾಡಿದಿರಿ. ಆದರೆ ಇಂದು ಗೊತ್ತಿರುವುದು ಹೆಚ್ಚು. ಅದನ್ನು ತಿಳಿಸಿಕೊಟ್ಟವರು ಆ 872 ಮಂದಿ ಹಾಗೂ ಅವರ ಮನೆಯವರು. ತಮ್ಮ ಪಾಲಿಗೆ ಯಾವ ಮದ್ದು ಬರುವುದೆಂದು ತಿಳಿಯದೆಯೇ ಪರೀಕ್ಷೆಗೆ ಒಪ್ಪಿದವರು ಅವರು. ಅವರಲ್ಲಿ ಹಲವರು ಬದುಕಿಲ್ಲ. ಅವರ ಋಣ ನಮ್ಮ ಮೇಲಿದೆ. ಅವರು ಕೊಟ್ಟ ಉತ್ತರವನ್ನು ಕಿವಿಗೊಟ್ಟು ಕೇಳುವುದೇ ಆ ಋಣವನ್ನು ತೀರಿಸುವ ದಾರಿ.

ಎಲ್ಲರಿಗೂ ಆರೋಗ್ಯವಿರಲಿ.

ನಿಮ್ಮ ಮೇಷ್ಟ್ರು